ಕಾಪಾಡುವ ಕೈಗೂ ಕಾಪು ಬೇಡವೇ?



ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಜೀಪು ಮಗುಚಿದರೆ, ಬಿ.ಸಿ. ರೋಡಿನಲ್ಲಿ ಸ್ಕೂಟರಿಗೆ ಲಾರಿ ತಾಗಿದರೆ, ಮೂಡುಬಿದಿರೆ ಕಡೆಯ ತೋಟದಲ್ಲಿ ಯಾರಾದರೂ ಅಡಿಕೆ ಮರದಿಂದ ಜಾರಿ ಬಿದ್ದರೆ, ಮೊದಲು ಓಡುವವರು ಯಾರು? ಡಾಕ್ಟರೂ ಅಲ್ಲ, ಪೊಲೀಸರೂ ಅಲ್ಲ. ರಿಕ್ಷಾದವರು, ಅಂಗಡಿಯವರು, ನಮ್ಮ ನಿಮ್ಮ ಮನೆಯ ಗಂಡಸರು, ಮಕ್ಕಳು. ಹೆಗಲ ಬೈರಾಸನ್ನೇ ಗಾಯಕ್ಕೆ ಒತ್ತಿ ಹಿಡಿದು ಆಸ್ಪತ್ರೆಗೆ ಮುಟ್ಟಿಸುತ್ತಾರೆ. ಅಂಗಿ ತುಂಬ ರಕ್ತ ಮಾಡಿಕೊಂಡು ಮನೆಗೆ ಬಂದಾಗ "ಅವರಿಗೆ ಹೇಗಿದೆ?" ಅಂತ ಕೇಳುತ್ತೇವೆ. "ನಿಮ್ಮ ಕೈಯಲ್ಲಿ ಗಾಯ ಇತ್ತಾ?" ಅಂತ ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ರಕ್ತದ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಕೆಮ್ಮಿನಿಂದ ಕ್ಷಯ, ಫ್ಲೂ, ಕೊರೋನಾ ಬರಬಹುದು. ಯಾರಿಗೆ ಏನಿದೆ ಅಂತ ಹಣೆಯ ಮೇಲೆ ಬರೆದಿರುವುದಿಲ್ಲ ನೋಡಿ. ಪಕ್ಕದ ಕೇರಳದ ಪೆರಾಂಬ್ರದಲ್ಲಿ ಲಿನಿ ಎಂಬ ನರ್ಸ್ 2018ರ ಮೇ ತಿಂಗಳಲ್ಲಿ ಒಬ್ಬ ರೋಗಿಯ ಆರೈಕೆ ಮಾಡಿದರು. ಅದು ನಿಫಾ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅದೇ ತಿಂಗಳು ಆ ತಾಯಿ ಎರಡು ಪುಟ್ಟ ಮಕ್ಕಳನ್ನು ಬಿಟ್ಟು ಹೋದರು. ಆದ್ದರಿಂದಲೇ ಆಂಬ್ಯುಲೆನ್ಸಿನವರಿಗೆ ಕಲಿಸುವ ಮೊದಲ ಪಾಠ ಇದು: ಎಲ್ಲರ ರಕ್ತವನ್ನೂ ಒಂದೇ ಎಚ್ಚರದಿಂದ ಮುಟ್ಟು. ಇದು ಮಡಿ ಮೈಲಿಗೆಯ ಮಾತಲ್ಲ, ಯಾರಿಗೂ ಅವಮಾನವೂ ಅಲ್ಲ.

"ಪ್ರಾಣ ಹೋಗುವಾಗ ಗ್ಲೌಸ್ ಹುಡುಕುತ್ತಾ ಕೂರುವುದಾ?" ಅಂತ ನಮ್ಮ ಯಜಮಾನರು ಕೇಳಿದರು. ಮಾತು ಸರಿಯೇ. ಹುಡುಕುವ ಹಾಗಾಗಬಾರದು ಅಂತಲೇ ಮೊದಲೇ ಇಟ್ಟಿರಬೇಕು. 108ರ ಸೇವೆ ನಮ್ಮ ರಾಜ್ಯಕ್ಕೆ 2008ರಲ್ಲಿ ಬಂತು, ನಿಜ. ಆದರೆ ಅದು ಬಂದು ಮುಟ್ಟುವವರೆಗಿನ ಹೊತ್ತು ನಮ್ಮ ಪಾಲಿನದಲ್ವಾ?

ರಿಕ್ಷಾದಲ್ಲಿ, ಬೈಕಿನ ಡಬ್ಬಿಯಲ್ಲಿ, ತೋಟದ ಮನೆಯಲ್ಲಿ ಒಂದು ಚೀಲ ಇರಲಿ. ಅದರಲ್ಲಿ ನಾಲ್ಕು ಜೊತೆ ರಬ್ಬರ್ ಗ್ಲೌಸ್, ಎರಡು ಮಾಸ್ಕ್, ಒಗೆದ ಹತ್ತಿ ಬಟ್ಟೆ, ಸಾಬೂನು, ಎರಡು ಪ್ಲಾಸ್ಟಿಕ್ ಚೀಲ. ಗ್ಲೌಸ್ ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಹಾಕಿಕೊಳ್ಳಬಹುದು.

ಗ್ಲೌಸ್ ಹಾಕುವುದು ಸುಲಭ, ಕಳಚುವುದೇ ವಿದ್ಯೆ. ಹೀಗೆ ಮಾಡಿ:

1. ಒಂದು ಕೈಯ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ, ಒಳಮೈ ಹೊರಗೆ ಬರುವ ಹಾಗೆ ಎಳೆಯಿರಿ.

2. ಅದನ್ನು ಗ್ಲೌಸ್ ಇರುವ ಇನ್ನೊಂದು ಕೈಯೊಳಗೆ ಮುದ್ದೆ ಮಾಡಿ ಹಿಡಿಯಿರಿ.

3. ಬರಿಗೈಯ ಬೆರಳನ್ನು ಎರಡನೆಯ ಗ್ಲೌಸಿನ ಒಳಬದಿಗೆ ತೂರಿಸಿ, ಮೊದಲನೆಯದರ ಮೇಲೆ ಮಗುಚಿ ತೆಗೆಯಿರಿ.

4. ಚೀಲಕ್ಕೆ ಹಾಕಿ ಕಟ್ಟಿ, ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ.

ಅಭ್ಯಾಸಕ್ಕೆ ನಮ್ಮ ಅಡುಗೆಮನೆಯ ಅರಸಿನವೇ ಸಾಕು! ಗ್ಲೌಸ್ ಹಾಕಿದ ಕೈಯನ್ನು ಅರಸಿನ ನೀರಿಗೆ ಅದ್ದಿ, ಆಮೇಲೆ ಕಳಚಿ. ಬೆರಳಿಗೆ ಹಳದಿ ತಾಗಿದ್ದರೆ ರಕ್ತವೂ ತಾಗುತ್ತಿತ್ತು ಅಂತಲೇ ಅರ್ಥ. ಮಕ್ಕಳು ಇದನ್ನು ಆಟದ ಹಾಗೆ ಕಲಿತುಬಿಡುತ್ತಾರೆ.

ರಕ್ತ ಕೈಯ ಗಾಯಕ್ಕೆ ತಾಗಿದರೆ, ಸೂಜಿಯೋ ಗಾಜೋ ಚುಚ್ಚಿದರೆ, ಹಿಂಡಬೇಡಿ, ಬಾಯಿಗೆ ಹಾಕಿ ಚೀಪಬೇಡಿ. ಸಾಬೂನು ನೀರಿನಲ್ಲಿ ತೊಳೆದು, ನಾಳೆ ನೋಡುವ ಅನ್ನದೆ ಕೂಡಲೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ನೆಲಕ್ಕೆ ರಕ್ತ ಚೆಲ್ಲಿದ್ದರೆ ಹಳೇ ಬಟ್ಟೆ ಮುಚ್ಚಿ, ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹೊಯ್ಯಿರಿ. ಹತ್ತು ನಿಮಿಷ ಬಿಟ್ಟು ಗ್ಲೌಸ್ ಹಾಕಿ ಒರೆಸಿ. ಇದಕ್ಕೆ ಆಸಿಡ್ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ಇನ್ನು ನಮ್ಮ ಮಳೆಗಾಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ಕಡೆ ಹೊಳೆ ಉಕ್ಕಿದಾಗ ಎಷ್ಟು ಜನ ಕೆಸರಿಗೆ ಇಳಿದು ಸಹಾಯ ಮಾಡಿದರು, ನೆನಪಿದೆಯಲ್ಲ? ಇಲಿಯ ಮೂತ್ರ ಸೇರಿದ ನೀರು ಕಾಲಿನ ಬಿರುಕಿಗೆ ತಾಗಿದರೂ ಇಲಿಜ್ವರ ಬರಬಹುದು. ಗಮ್ ಬೂಟ್ ಹಾಕಲಿ, ಗಾಯ ಮುಚ್ಚಿಕೊಳ್ಳಲಿ, ಬಂದ ಕೂಡಲೇ ಕಾಲು ತೊಳೆಯಲಿ. ಆಮೇಲೆ ಜ್ವರ, ಮೀನಖಂಡದ ನೋವು ಬಂದರೆ "ನೆರೆ ನೀರಿಗೆ ಇಳಿದಿದ್ದೆ" ಅಂತ ಡಾಕ್ಟರಿಗೆ ತಪ್ಪದೆ ಹೇಳಲಿ. ಹಾಗೆಯೇ ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಯಾರೂ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ 1980ರ ದಶಕದಲ್ಲಿ ಬೆಳ್ತಂಗಡಿಯನ್ನೂ ಕಾಡಿದ್ದನ್ನು ಹಿರಿಯರು ಬಲ್ಲರು.

ಕೊನೆಗೆ ಎರಡು ಕೆಲಸ ನಿಮಗೆ. ಮನೆಯಲ್ಲಿ ರಿಕ್ಷಾ ಓಡಿಸುವವರೋ ಸ್ವಯಂಸೇವಕರೋ ಇದ್ದರೆ ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಮೊದಲನೆಯದು ಹಾಕಿಸಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರೂ ಮುಗಿಸಬೇಕು. ಮತ್ತೆ, ಮುಂದಿನ ಸ್ವಸಹಾಯ ಸಂಘದ ಸಭೆಗೆ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆದು, ಗ್ಲೌಸ್ ಕಳಚುವುದನ್ನು ಎಲ್ಲರ ಎದುರು ತೋರಿಸಲು ಹೇಳಿ.

ಓಡುವವರನ್ನು ನಾವು ತಡೆಯುವುದು ಬೇಡ. ಓಡುವಾಗ ಕೈಗೊಂದು ಚೀಲ ಕೊಟ್ಟು ಕಳಿಸೋಣ. ಏನಂತೀರಿ?