ಅಳೆಯದೆ ಕಾಯುವುದೆಂತು?

ಕಾಡನ್ನು ಕಾಯಹೊರಟವನು ಮೊದಲು ಅದರ ಎಲ್ಲೆಯನ್ನು ಗುರುತಿಸುತ್ತಾನೆ. ಯಾವ ಮರವೆಷ್ಟು, ಯಾವ ಮೃಗವೆಷ್ಟು ಎಂದು ಎಣಿಸಿ ಬರೆದಿಡುತ್ತಾನೆ. ಕಡಲಿನ ವಿಷಯದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುವುದುಂಟು. ‘ಮೊದಲು ರಕ್ಷಿತ ಪ್ರದೇಶವೆಂದು ಸಾರೋಣ, ಅಲ್ಲಿ ಏನಿದೆಯೆಂಬುದನ್ನು ಆಮೇಲೆ ನೋಡೋಣ’ ಎಂಬ ವಾದ ಸದುದ್ದೇಶದ್ದೇ ಆದರೂ ವಿಜ್ಞಾನಕ್ಕೆ ಒಪ್ಪತಕ್ಕದ್ದಲ್ಲ.

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿ ನೇತ್ರಾಣಿಯೆಂಬ ಕಲ್ಲುದ್ವೀಪವಿದೆ. ಅದರ ಬಂಡೆಗಳು ನೀರಿನೊಳಕ್ಕೂ ಇಳಿದಿವೆ. ಮರಳು ಕೆಸರುಗಳ ತಳದಲ್ಲಿ ಹವಳಕ್ಕಾಗಲಿ ಸ್ಪಂಜಿಗಾಗಲಿ ಕಾಲೂರಲು ಗಟ್ಟಿಯಾದ ನೆಲೆ ಸಿಗುವುದು ದುರ್ಲಭ. ಬಂಡೆಯಲ್ಲಿ ಅದು ದೊರೆಯುತ್ತದೆ. ಬಂಡೆಯ ಬಿರುಕುಗಳು ಮೀನುಗಳಿಗೆ ಆಶ್ರಯವಾಗುತ್ತವೆ. ಇಂತಹ ನೆಲೆಗಳು ಕಡಲಿನಲ್ಲಿ ಚದರಿಹೋಗಿವೆ. ನೀರಿನ ಮೇಲೆ ತಲೆಯೆತ್ತದವು ಅನೇಕ.

ಇವನ್ನು ಹುಡುಕುವ ಬಗೆಯೇನು? ಬೆಳಕು ನೀರಿನಲ್ಲಿ ಬಹುದೂರ ಸಾಗದು. ಕೆಂಪು ಬಣ್ಣವಂತೂ ಕೆಲವೇ ಮೀಟರುಗಳಲ್ಲಿ ಅಡಗಿಹೋಗುತ್ತದೆ. ಶಬ್ದವಾದರೋ ಸೆಕೆಂಡಿಗೆ ಸುಮಾರು 1500 ಮೀಟರು ವೇಗದಿಂದ ಓಡುತ್ತದೆ. ಹಡಗಿನಿಂದ ಹೊರಟ ಧ್ವನಿ 40 ಮಿಲಿಸೆಕೆಂಡಿನಲ್ಲಿ ಹಿಂದಿರುಗಿದರೆ ಅದು ಹೋಗಿ ಬಂದ ದಾರಿ 60 ಮೀಟರು. ಆಳ 30 ಮೀಟರು. ಈ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು.

ಆದರೆ ಈ ಸುಲಭತೆಯೇ ನಮ್ಮನ್ನು ಮೋಸಗೊಳಿಸಬಾರದು. ಧ್ವನಿಯ ಕಿರಣ 10 ಡಿಗ್ರಿಯಷ್ಟು ಅಗಲವಾಗಿದ್ದರೆ, 30 ಮೀಟರು ಆಳದಲ್ಲಿ ಅದು ಐದು ಮೀಟರಿಗೂ ಮಿಗಿಲಾದ ವೃತ್ತವನ್ನು ಒಟ್ಟಾಗಿ ತಾಕುತ್ತದೆ. ಅದರೊಳಗಿನ ಬಿರುಕುಗಳು ಬೇರೆ ಬೇರೆಯಾಗಿ ತೋರವು. ಅನೇಕ ಸಣ್ಣ ಕಿರಣಗಳನ್ನು ಒಮ್ಮೆಗೇ ಹರಡುವ ಯಂತ್ರದಲ್ಲಿ, ಕಿರಣದ ಅಗಲ ಒಂದೇ ಡಿಗ್ರಿಯಾದರೆ ಅದೇ ಆಳದಲ್ಲಿ ವೃತ್ತ ಅರ್ಧ ಮೀಟರಿಗೆ ಇಳಿಯುತ್ತದೆ. ಆದರೂ ಬಂಡೆಯ ಮೇಲಿನ ಹವಳ ಬದುಕಿದೆಯೋ ಸತ್ತಿದೆಯೋ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಕಣ್ಣೇ ಬೇಕು: ಮುಳುಗುಗಾರರು ಅಳತೆಪಟ್ಟಿ ಹಾಸಿ ಅದರ ಉದ್ದಕ್ಕೂ ಹವಳವನ್ನೂ ಮೀನನ್ನೂ ಎಣಿಸಬೇಕು, ಇಲ್ಲವೇ ಕ್ಯಾಮೆರಾ ಇಳಿಸಬೇಕು. ನಕ್ಷೆಯು ಮನೆಯ ವಿಳಾಸ. ಎಣಿಕೆಯು ಮನೆಮಂದಿಯ ಪಟ್ಟಿ. ಒಂದು ಇನ್ನೊಂದಕ್ಕೆ ಬದಲಾಗದು.

‘ನೀವು ಎಣಿಸುತ್ತ ಕೂತರೆ ಅಷ್ಟರಲ್ಲಿ ಎಣಿಸಬೇಕಾದದ್ದೇ ಅಳಿದುಹೋದೀತು’ ಎಂದು ಕೆಲವರು ಆಕ್ಷೇಪಿಸಬಹುದು. ಈ ಆತಂಕ ನ್ಯಾಯವಾದದ್ದೇ. ಆದಕಾರಣ ಲಂಗರು ಎಸೆಯಬಾರದು, ಹರಿದ ಬಲೆಗಳನ್ನು ಬಿಟ್ಟುಬರಬಾರದು ಎಂಬಂತಹ ಸರಳ ನಿಯಮಗಳು ಕೂಡಲೇ ಜಾರಿಗೆ ಬರಲಿ. ಆದರೆ ಮೊದಲ ಎಣಿಕೆಯನ್ನು ಅದಕ್ಕಾಗಿ ಮುಂದೂಡಲಾಗದು. 2024ರ ಏಪ್ರಿಲ್ ತಿಂಗಳಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳಗಳು ಬಿಳಿಚಿಕೊಳ್ಳುತ್ತಿವೆಯೆಂದು ಸಾರಿದರು. ಕಾರಣ, ಕಡಲಿನ ಬಿಸಿ. ಬಿಸಿಯ ಮೊದಲು ಬಂಡೆಯ ಮೇಲೆ ಎಷ್ಟು ಹವಳವಿತ್ತೆಂಬ ದಾಖಲೆಯಿಲ್ಲದಿದ್ದರೆ, ಎಷ್ಟು ಅಳಿಯಿತೆಂದು ಯಾರು ಹೇಳಬಲ್ಲರು? ರಕ್ಷಣೆಯಿಂದ ಫಲವಾಯಿತೇ ಇಲ್ಲವೇ ಎಂಬ ಪ್ರಶ್ನೆಗೂ ಉತ್ತರವಿರದು.

ಒಂದೇ ಬಾರಿ ಸಡಗರದಿಂದ ಹೋಗಿಬಂದರೂ ಸಾಲದು. ಮಳೆಗಾಲದಲ್ಲಿ ನಮ್ಮ ಕಡಲು ಕದಡಿರುತ್ತದೆ. ಅದು ತಿಳಿಯಾದ ಮೇಲೆ ಪ್ರತಿವರ್ಷವೂ ಅದೇ ಸ್ಥಳದಲ್ಲಿ, ಅದೇ ವಿಧಾನದಿಂದ ಎಣಿಸಬೇಕು. ಈ ಕಾರ್ಯದಲ್ಲಿ ಮೀನುಗಾರರನ್ನು ಜೊತೆಗೂಡಿಸಿಕೊಳ್ಳುವುದು ವಿವೇಕ. ದಡದ ಗುಡ್ಡ, ಗೋಪುರಗಳನ್ನು ಗುರುತಿಟ್ಟು ಬಲೆ ಹರಿಯುವ ಬಂಡೆಯನ್ನು ಪತ್ತೆಹಚ್ಚುವ ಅವರ ಜ್ಞಾನ ಯಂತ್ರಗಳಿಗಿಂತ ಹಳೆಯದು. ಅವರ ಜೀವನೋಪಾಯಕ್ಕೆ ಸಂಬಂಧಿಸಿದ ನಿರ್ಣಯವನ್ನು ಅವರನ್ನು ಬಿಟ್ಟು ಕೈಗೊಳ್ಳುವುದು ನ್ಯಾಯವೂ ಅಲ್ಲ.

ಜಗತ್ತಿನ ಕಡಲತಳದ ಸುಮಾರು ಕಾಲುಭಾಗವನ್ನಷ್ಟೇ ಇಂದಿನ ಕ್ರಮದಲ್ಲಿ ಅಳೆಯಲಾಗಿದೆ. ಉಳಿದ ಕೆಲಸ ವಿದ್ಯಾರ್ಥಿಗಳ ತಲೆಮಾರಿನದು. ಭೌತಶಾಸ್ತ್ರವನ್ನು ಓದುವವರು ಜೀವಶಾಸ್ತ್ರ ತಮಗೆ ಸಂಬಂಧಿಸಿದ್ದಲ್ಲವೆಂದೂ, ಜೀವಶಾಸ್ತ್ರವನ್ನು ಓದುವವರು ಗಣಿತ ತಮಗೆ ಬೇಡವೆಂದೂ ತಿಳಿಯುವುದನ್ನು ಬಿಡಲಿ. ಕಡಲ ಬಂಡೆಯನ್ನು ಕಾಯುವವರಿಗೆ ಎರಡೂ ಬೇಕು.