ಕಿಟಕಿಗೊಂದು ಬಳೆ ಸರ, ಗೋಡೆಗೊಂದು ಕಾಮನಬಿಲ್ಲು

ಅತ್ತಿಬೆಲೆ ಕಡೆ ಬಾಡಿಗೆ ಮನೆ ನೋಡೋಕೆ ಹೋದಾಗ ನಾವು ಕೇಳೋ ಪ್ರಶ್ನೆಗಳು ಗೊತ್ತಲ್ಲ? ಅಡ್ವಾನ್ಸ್ ಎಷ್ಟು, ನೀರು ಬರುತ್ತಾ, ಬೈಕ್‌ಗೆ ಜಾಗ ಇದೆಯಾ, ಕಂಪನಿ ಬಸ್ ಎಲ್ಲಿ ನಿಲ್ಲುತ್ತೆ. ಬಿಸಿಲು ಯಾವ ಕಿಟಕಿಯಲ್ಲಿ ಬರುತ್ತೆ ಅಂತ ಕೇಳಿದವರು ಕಡಿಮೆ. ಪಕ್ಕದ ಬಿಲ್ಡಿಂಗ್ ಗೋಡೆ ನಮ್ಮ ಕಿಟಕಿಗೆ ಅಂಟಿಕೊಂಡೇ ಇದೆ ಅನ್ನೋದು ಮನೆ ಸೇರಿದ ಮೇಲೇ ಗೊತ್ತಾಗೋದು.

ಆದ್ರೂ ಬಹುತೇಕ ಮನೆಗೆ ದಿನಕ್ಕೆ ಅರ್ಧ ಗಂಟೆಯಾದ್ರೂ ಬಿಸಿಲು ಬಂದು ಹೋಗುತ್ತೆ. ಆ ಅರ್ಧ ಗಂಟೆಯನ್ನ ಹಿಡಿದಿಡೋ ಆಟಿಕೆಯೇ ಸನ್‌ಕ್ಯಾಚರ್. ಕಿಟಕಿಯಲ್ಲಿ ತೂಗುಬಿಡೋ ಗಾಜು, ಹರಳು, ಮಣಿ. ಹೆಸರು ಹೊಸದು, ಆಸೆ ಹಳೇದು. ನಮ್ಮ ಹಳೇ ಮನೆಗಳ ಗವಾಕ್ಷಿ, ಹೆಂಚಿನ ಮನೆಯ ಮಧ್ಯೆ ಕೂರಿಸಿದ ಗಾಜಿನ ಹೆಂಚು ಮಾಡ್ತಿದ್ದದ್ದೂ ಇದನ್ನೇ. ಇನ್ನು ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನೋಡಿ. ಗ್ಲಾಸ್ಗೋದಿಂದ ಬಂದ ನವಿಲು ಚಿತ್ತಾರದ ಬಣ್ಣದ ಗಾಜಿನ ಚಾವಣಿ ರಾಜಮನೆತನದ ಸನ್‌ಕ್ಯಾಚರ್ ಅಲ್ಲದೆ ಇನ್ನೇನು!

ಯಾವ ಕಿಟಕಿ?

ಮೊದಲು ಫೋನಿನ ದಿಕ್ಸೂಚಿ ತೆಗೆದು ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಪೂರ್ವದ ಕಿಟಕಿಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ ವರ್ಷಪೂರ್ತಿ ಓರೆ ಬಿಸಿಲು ಬೀಳುತ್ತೆ. ದಕ್ಷಿಣದ ಕಿಟಕಿಗೆ ನವೆಂಬರ್‌ನಿಂದ ಜನವರಿವರೆಗೆ ಹಬ್ಬ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯನೂ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರ್ತಾನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಾತ್ರ ನೆತ್ತಿ ಮೇಲೇ ನಿಲ್ತಾನೆ, ನೆರಳೂ ಕಾಲಡಿಗೆ ಬಂದಿರುತ್ತೆ. ಆಗ ಮಧ್ಯಾಹ್ನ ಕಿಟಕಿಯೊಳಗೆ ಬಿಸಿಲು ಹುಡುಕಬೇಡಿ.

ಏನು ಕಟ್ಟೋದು?

ಬಣ್ಣದ ನೆರಳು ಸಾಕು ಅಂದ್ರೆ ಗಾಜಿನ ಬಳೆ. ಗಾಜು ತನ್ನ ಬಣ್ಣವನ್ನಷ್ಟೇ ಬಿಟ್ಟು ಉಳಿದದ್ದನ್ನ ಹೀರಿಕೊಳ್ಳುತ್ತೆ. ಹಾಗಾಗಿ ಕೆಂಪು ಬಳೆಗೆ ಕೆಂಪು ಗೆರೆ, ಹಸಿರಿಗೆ ಹಸಿರು. ಕಾಮನಬಿಲ್ಲೇ ಬೇಕು ಅಂದ್ರೆ ಮೂಲೆ ಮೂಲೆ ಕತ್ತರಿಸಿದ, ಬಣ್ಣವಿಲ್ಲದ ಗಾಜಿನ ಹರಳು ಬೇಕು. ಅದರೊಳಗೆ ಹೊಕ್ಕ ಬೆಳಕಿನಲ್ಲಿ ನೇರಳೆ ಜಾಸ್ತಿ ಬಾಗುತ್ತೆ, ಕೆಂಪು ಕಡಿಮೆ. ಅಲ್ಲಿಗೆ ಏಳು ಬಣ್ಣ ಬೇರೆ ಬೇರೆ. ಗೋಡೆ ದೂರ ಇದ್ದಷ್ಟೂ ಪಟ್ಟಿ ಅಗಲ. ಖರ್ಚೇ ಬೇಡ ಅಂದ್ರೆ ಹಳೇ ಸಿಡಿ. ಅದರ ಮೇಲಿನ ಗೆರೆಗಳ ನಡುವೆ 1.6 ಮೈಕ್ರೋಮೀಟರ್ ಅಂತರ ಅಷ್ಟೇ, ಬೆಳಕನ್ನ ಬಣ್ಣಗಳಾಗಿ ಚೆದುರಿಸೋಕೆ ಅಷ್ಟು ಸಾಕು.

ಏಳೆಂಟು ಬಳೆ, ಒಂದೆರಡು ಹರಳು, ಮೀನಿನ ಗಾಳಕ್ಕೆ ಕಟ್ಟೋ ನೈಲಾನ್ ದಾರ, ಒಂದು ಕಸೂತಿ ರಿಂಗ್ ತಗೊಳ್ಳಿ. ರಿಂಗಿಗೆ ಮೂರು ಕಡೆ ದಾರ ಕಟ್ಟಿ ಮೇಲೆ ಒಂದೇ ಗಂಟಿಗೆ ಸೇರಿಸಿ. ಕೆಳಗೆ ಬಳೆಗಳನ್ನ ಒಂದರ ಕೆಳಗೊಂದು ಕಟ್ಟುತ್ತಾ ಹೋಗಿ, ತುದಿಯಲ್ಲಿ ಹರಳು. ನೈಲಾನ್ ಜಾರುತ್ತೆ, ಪ್ರತಿ ಗಂಟೂ ಮೂರು ಸುತ್ತು ಇರಲಿ, ಮೇಲೆ ಒಂದು ಹನಿ ಫೆವಿಕ್ವಿಕ್ ಹಾಕಿ. ಮೊಳೆ ಹೊಡೆಯೋದು ಬೇಡ, ಪರದೆ ಕಂಬಿಗೋ ಕಿಟಕಿ ಸರಳಿಗೋ ಕಟ್ಟಿದ್ರೆ ಆಯ್ತು, ಅಡ್ವಾನ್ಸ್ ಸೇಫ್. ಹೊಸೂರು ರಸ್ತೆಯ ಲಾರಿ ಧೂಳಿಗೆ ಗಾಜು ವಾರದಲ್ಲೇ ಮಂಕಾಗುತ್ತೆ, ಒದ್ದೆ ಬಟ್ಟೇಲಿ ಒರೆಸಿ.

ಪ್ಲಾಸ್ಟಿಕ್ ಮಣಿ ಓವನ್‌ನಲ್ಲಿ ಕರಗಿಸೋ ವಿಡಿಯೊ ನೋಡಿರ್ತೀರಿ. ಒಂದು ಬೆಡ್‌ರೂಮಿನ ಮನೆಯಲ್ಲಿ, ಅದೂ ಅನ್ನ ಬೇಯೋ ಅಡುಗೆಮನೆಯಲ್ಲಿ ಆ ಹೊಗೆ ಬೇಡ.

ಇದನ್ನ ಮಾತ್ರ ಮರೀಬೇಡಿ

ನುಣುಪಾದ ಗಾಜಿನ ಗುಂಡು, ನೀರು ತುಂಬಿದ ದುಂಡು ಬಾಟಲಿ ಭೂತಗನ್ನಡಿ ಥರಾನೇ ಕೆಲಸ ಮಾಡುತ್ತೆ. ಬಿಸಿಲನ್ನ ಒಂದೇ ಬಿಂದುವಿಗೆ ತಂದು ಪರದೆ, ಸೋಫಾ ಸುಡಬಲ್ಲದು. ಮನೆಗೆ ಬೀಗ ಹಾಕಿ ನಾವು ಶಿಫ್ಟ್‌ನಲ್ಲಿದ್ದಾಗ ಹೀಗಾದ್ರೆ ನೋಡೋರು ಯಾರು? ಲಂಡನ್ ಅಗ್ನಿಶಾಮಕ ದಳ ಜನರಿಗೆ ಈ ಎಚ್ಚರಿಕೆ ಕೊಟ್ಟಿದೆ. ಪರೀಕ್ಷೆ ಸುಲಭ. ಹರಳನ್ನ ಬಿಸಿಲಿಗೆ ಹಿಡಿದು ಹಿಂದೆ ಬಿಳಿ ಕಾಗದವನ್ನ ಹತ್ತಿರ, ದೂರ ಸರಿಸಿ. ಎಲ್ಲಾದ್ರೂ ಬೆಳಕು ಚುರುಕಾದ ಒಂದು ಚುಕ್ಕೆಯಾದ್ರೆ ಅದನ್ನ ಕಟ್ಟಬೇಡಿ. ತೊಟ್ಟಿಲ ಮೇಲೂ ಬೇಡ, ಮಗುವಿನ ಕೈಗೆ ಎಟುಕೋ ಹಾಗೂ ಬೇಡ.

ಇಷ್ಟೆಲ್ಲ ಯಾಕೆ?

ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ಮನೆ ಮಾಡಿದ್ದಾರೆ. ಒಬ್ಬಳಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು ಪರದೆ ಎಳೆದು ಮಲಗಿದ್ರೆ ಎದ್ದೇಳೋದು ಸಂಜೆಗೆ. ಊರಿಂದ ಅಮ್ಮನ ವಿಡಿಯೊ ಕಾಲ್: "ಯಾವಾಗ್ ನೋಡಿದ್ರೂ ಲೈಟ್ ಹಾಕ್ಕೊಂಡೇ ಇರ್ತೀಯಲ್ಲೇ, ಸೂರ್ಯ ಬರಲ್ವಾ ನಿಮ್ಮೂರಿಗೆ?" ಈ ಪ್ರಶ್ನೆಗೆ ಅವಳ ಹತ್ರ ಉತ್ತರ ಇರಲಿಲ್ಲ. ಅವಳ ಪೂರ್ವದ ಕಿಟಕಿಗೆ ಬಳೆ ಸರ ಕಟ್ಟಿಕೊಟ್ಟೆ. "ಅಕ್ಕಾ, ಬರೀ ಮಲಗೋ ರೂಮಿಗೆ ಇದೆಲ್ಲ ಬೇಕಾ?" ಅಂದಿದ್ಲು. ಈಗ ಮಲಗೋಕೆ ಮುಂಚೆ ಹತ್ತು ನಿಮಿಷ ಪರದೆ ತೆರೆದಿಟ್ಟು ಅಮ್ಮನಿಗೆ ತಾನೇ ಕಾಲ್ ಮಾಡ್ತಾಳೆ, ಗೋಡೆ ಕಡೆ ಫೋನ್ ತಿರುಗಿಸಿ. ಪಾಳಿ ಬದಲಾಗಿಲ್ಲ, ನಿದ್ದೆಯೂ ಪೂರ್ತಿ ಸರಿಹೋಗಿಲ್ಲ. ಆದ್ರೆ ದಿನಕ್ಕೊಮ್ಮೆ ಬೆಳಗು ನೋಡ್ತಾಳೆ.

ಊರಿಂದ ಮಗು ನೋಡ್ಕೊಳ್ಳೋಕೆ ಬಂದು ನಾಲ್ಕನೇ ಮಹಡಿಯಲ್ಲಿ ಕೂತಿರೋ ಅತ್ತೆ, ಅಮ್ಮಂದಿರಿಗೂ ಇದು ಒಳ್ಳೇ ಜೊತೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯೋದ್ರಿಂದ ಬಣ್ಣವೂ ಗೋಡೆ ಮೇಲೆ ನಡೀತಾ ಹೋಗುತ್ತೆ. ಕ್ಯಾಲೆಂಡರ್ ಹತ್ರ ಬಂತು ಅಂದ್ರೆ ಮಗುವಿಗೆ ಊಟದ ಹೊತ್ತು ಅಂತ ಗುರುತಿಟ್ಟುಕೊಳ್ಳಬಹುದು.

ಈ ಭಾನುವಾರ ಒಂದು ಕೆಲಸ ಮಾಡಿ. ಯಾವ ಕಿಟಕಿಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತೆ ಅಂತ ಬರೆದಿಡಿ. ಮುಂದಿನ ಭಾನುವಾರ ಬಳೆ ಅಂಗಡಿಗೆ ಹೋದ್ರಾಯ್ತು.