ಬಂದೂಕಿನ ಸಂಘ ಯಾರ ಪರ?



ಶಾಲೆ ಬಿಟ್ಟ ಮೇಲೆ ಪಾಲಕರು ಕಾಗದ ಹಿಡಿದುಕೊಂಡು ಬರುವುದು ನಮಗೆ ಹೊಸದಲ್ಲ. ಮರಾಠಿಯ ಸಾತ್‌ಬಾರಾ ಉತಾರೆ, ಸೊಸೈಟಿಯ ನೋಟಿಸು, ಬ್ಯಾಂಕಿನ ಇಂಗ್ಲಿಷ್ ಪತ್ರ... ಗಡಿಯ ಈಚೆ ಕನ್ನಡ ಮಾಸ್ತರರೆಂದರೆ ಅರ್ಧ ಕಾರಕೂನರು. ಆದರೆ ಕಳೆದ ವಾರ ಗಡಹಿಂಗ್ಲಜ ಕಡೆಯ ಪಾಲಕರೊಬ್ಬರು ತಂದದ್ದು ಬೇರೆಯೇ ನಮೂನೆ. ಬಂದೂಕು ಮಾಲೀಕರ ಸಂಘವೊಂದರ ಸದಸ್ಯತ್ವದ ಅರ್ಜಿ, ಪೂರ್ತಿ ಇಂಗ್ಲಿಷಿನಲ್ಲಿ.

ಅವರ ಕಬ್ಬಿಗೆ ಕಾಡುಹಂದಿಯ ಕಾಟ. ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಕೇಳಿ ಅರ್ಜಿ ಕೊಟ್ಟು ಬಹಳ ದಿನವಾಗಿದೆ. ಯಾರೋ ಪುಣ್ಯಾತ್ಮರು "ಈ ಸಂಘಕ್ಕ ಸೇರು, ಅವರು ನಿನ್ನ ಹಕ್ಕಿಗಾಗಿ ಹೋರಾಡ್ತಾರ" ಎಂದು ಈ ಕಾಗದ ಕೊಟ್ಟಿದ್ದಾರೆ. ಚಂದಾ 501 ರೂಪಾಯಿ. ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು: "ಸರ್, ಇವರು ಖರೇನ ನಮ್ಮ ಪರ ಅದಾರೇನ್ರಿ?"

ಓದುತ್ತ ಹೋದೆವು. ಮೊದಲ ಪುಟದಲ್ಲಿ ಹಕ್ಕು, ಸ್ವಾತಂತ್ರ್ಯ, ಆತ್ಮರಕ್ಷಣೆ, ಎಲ್ಲ ದೊಡ್ಡ ದೊಡ್ಡ ಮಾತು. ಎರಡನೆಯ ಪುಟದಲ್ಲಿ ಒಂದು ಕಾಲಂ: ಪರವಾನಗಿ ಸಂಖ್ಯೆ. ಅದಿಲ್ಲದವರು 'ಬೆಂಬಲಿಗರು' ಮಾತ್ರ. ಚಂದಾ ಕೊಡಬಹುದು, ಸಭೆಯಲ್ಲಿ ಮತ ಹಾಕುವಂತಿಲ್ಲ. ಅಂದರೆ ಬಂದೂಕು ಇದ್ದವನಿಗೆ ಮತ, ಬಂದೂಕಿನ ಹಕ್ಕು ಬೇಕಾದವನಿಗೆ ರಸೀದಿ!

ನಾವು ಮಾಸ್ತರರು. ನಮ್ಮ ಬಳಿ ಒಂದು ಕಾಲಕ್ಕೆ ಇದ್ದ ಏಕೈಕ ಆಯುಧ ಕಟ್ಟಿಗೆಯ ಅಡಿಪಟ್ಟಿ. ಅದನ್ನೂ ಈಗ ಗೆರೆ ಹಾಕಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಬಂದೂಕು ಹೆಚ್ಚಬೇಕೆಂಬ ಆಸೆಯೂ ನಮಗಿಲ್ಲ. ನಮ್ಮ ಬಳಗದ ಇಚಲಕರಂಜಿಯ ಗೆಳೆಯರಂತೂ ಈ ಚರ್ಚೆಯೇ ಬೇಡವೆಂದರು. ಅವರ ಊರಿನ ಕಡೆ 'ಗಾವಠಿ' ಪಿಸ್ತೂಲು ಸಿಕ್ಕಿಬಿದ್ದ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅವರ ಮಾತೂ ಸರಿಯೇ. ಆದರೆ ಪಾಲಕರು ಕೇಳಿದ್ದು ಬಂದೂಕು ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಹಕ್ಕಿನ ಪರ ಎಂದು ಹೇಳಿಕೊಳ್ಳುವ ಸಂಘ ನಿಜಕ್ಕೂ ಹಕ್ಕಿನ ಪರ ಇದೆಯೋ, ಅಥವಾ ಇದ್ದವರ ಸೊತ್ತಿನ ಪರ ಇದೆಯೋ? ಇದನ್ನು ಬಂದೂಕು ಬೇಡವೆನ್ನುವವನೂ ನೋಡಿ ಹೇಳಬಹುದು. ನಮ್ಮ ಹೆಸರಿನಲ್ಲಿ, ಕನ್ನಡ ಶಾಲೆಗಳ ಹೆಸರಿನಲ್ಲಿ ಮಾತಾಡುವ ಸಂಘಗಳನ್ನು ನಾವು ಎಷ್ಟು ನೋಡಿಲ್ಲ? ಆ ಅನುಭವ ಇಲ್ಲಿ ಉಪಯೋಗಕ್ಕೆ ಬಂತು.

ಹಕ್ಕು ಬೇರೆ, ವಿನಾಯಿತಿ ಬೇರೆ. ಇದು ನಮ್ಮ ನೆಲದಲ್ಲೇ ಸಿಗುವ ಪಾಠ. ಗಡಹಿಂಗ್ಲಜ ತಾಲೂಕಿನ ಸಾಮಾನಗಡಕ್ಕೆ ಮಕ್ಕಳನ್ನು ಸಹಲಿಗೆ ಕರೆದೊಯ್ಯುತ್ತೇವಲ್ಲ, ಅಲ್ಲಿ 1844ರಲ್ಲಿ ಗಡಕರಿಗಳು ದಂಗೆ ಎದ್ದರು. ತಲೆತಲಾಂತರದಿಂದ ಕೋಟೆ ಕಾಯುತ್ತ ಬಂದವರು ಅವರು. ಕಾವಲುಗಾರಿಕೆ, ಅದಕ್ಕೆ ಸೇರಿದ ಜಮೀನು, ಮಾನ, ಎಲ್ಲಕ್ಕೂ ಧಕ್ಕೆ ಬಂದಾಗ ಎದ್ದುನಿಂತರು. ಧೈರ್ಯ ದೊಡ್ಡದು. ಆದರೆ ಅವರು ಕೇಳಿದ್ದು ತಮ್ಮ ವತನವನ್ನು, ಊರಿನ ಎಲ್ಲರಿಗೂ ಕತ್ತಿ ಬೇಕೆಂದಲ್ಲ.

ಹದಿಮೂರು ವರ್ಷದ ಮೇಲೆ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದದ್ದು ಇನ್ನೊಂದು. ಕನ್ನಡ ಓದಿದ ಯಾವ ಹುಡುಗನಿಗೂ ಹಲಗಲಿ ಬೇಡರ ಲಾವಣಿ ಗೊತ್ತು. 1857ರಲ್ಲಿ ಕಂಪನಿ ಸರಕಾರ ಜನರ ಆಯುಧ ಕಸಿದುಕೊಳ್ಳುವ ಕಾನೂನು ತಂದಿತು. ಬೇಡರು ಕೊಡುವುದಿಲ್ಲ ಎಂದರು. ನವೆಂಬರಿನಲ್ಲಿ ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಇದಾಗಿ ನಾಲ್ಕು ವರ್ಷಕ್ಕೆ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ಅವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟರು. ಒಂದೇ ಸರಕಾರ, ಒಂದೇ ಕಾನೂನು, ಎರಡೂ ಕನ್ನಡ ನಾಡೇ. ಒಬ್ಬರಿಗೆ ನೇಣು, ಒಬ್ಬರಿಗೆ ವಿನಾಯಿತಿ.

ಆ ವಿನಾಯಿತಿ ಇವತ್ತಿಗೂ ಇದೆ. 1959ರ ಆಯುಧ ಕಾಯಿದೆಯ 41ನೆಯ ಕಲಮಿನ ಪ್ರಕಾರ ಕೇಂದ್ರ ಸರಕಾರ ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಅಗತ್ಯವಿಲ್ಲವೆಂದಿದೆ. 2019ರ ಅಕ್ಟೋಬರಿನ ಅಧಿಸೂಚನೆ 2029ರವರೆಗೆ ನಡೆಯುತ್ತದೆ. ಕೊಡಗಿನವರೇ ಆದ ಮಾಜಿ ಸೇನಾಧಿಕಾರಿಯೊಬ್ಬರು ಇದು ಜಾತಿ ಮತ್ತು ಭೂಮಿಯ ಮೇಲೆ ಮಾಡಿದ ಭೇದ ಎಂದು ಕರ್ನಾಟಕ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಈ ವಿಷಯದಲ್ಲಿ ಗಟ್ಟಿ ದನಿ ಎನ್.ಯು. ನಾಚಪ್ಪನವರ ಕೊಡವ ನ್ಯಾಷನಲ್ ಕೌನ್ಸಿಲಿನದು. 'ತೋಕ್ ನಮ್ಮೆ' ಎಂದು ಬಂದೂಕಿನ ಹಬ್ಬವನ್ನೇ ಮಾಡುತ್ತಾರೆ. ಸಿಖ್ಖರ ಕಿರ್ಪಾಣದಂತೆ ಕೊಡವರ ಬಂದೂಕಿಗೂ ಸಂವಿಧಾನದ ರಕ್ಷಣೆ ಬೇಕು ಎಂಬುದು ಅವರ ಬೇಡಿಕೆ. ಮಗು ಹುಟ್ಟಿದರೆ ಗುಂಡು, ಮನೆಯಲ್ಲಿ ಸಾವಾದರೆ ಗುಂಡು, ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ. ಅವರ ಪಾಲಿಗೆ ಬಂದೂಕು ದೇವರ ಕೋಣೆಯ ವಸ್ತು. ನಮಗೆ ಇದರಲ್ಲಿ ಹುಳುಕು ಕಾಣುವುದಿಲ್ಲ. ಅವರು ಕಾಯುತ್ತಿರುವುದು ತಮ್ಮ ಪದ್ಧತಿಯನ್ನು, ಹಾಗೆಂದೇ ಬಾಯಿಬಿಟ್ಟು ಹೇಳುತ್ತಾರೆ. ಆದರೆ ಇದನ್ನು ಹೊರಗಿನವರು 'ಭಾರತೀಯರ ಬಂದೂಕಿನ ಹಕ್ಕಿನ ಹೋರಾಟ' ಎಂದು ಹೊಗಳಿದರೆ ಒಪ್ಪುವುದು ಕಷ್ಟ. ಅದೇ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ ಇರುವ, ಜಮ್ಮಾ ಜಮೀನಿಲ್ಲದ ಎರವ ಕೂಲಿಕಾರನಿಗೆ ಆ ವಿನಾಯಿತಿಯಲ್ಲಿ ಪಾಲಿಲ್ಲ. ವಿನಾಯಿತಿ ಎಂದರೆ ಉಳಿದವರಿಗೆ ಕಾನೂನು ಹಾಗೇ ಇರಲಿ ಎಂದೇ ಅರ್ಥವಲ್ಲವೇ?

ಹಾಗಾದರೆ ಎಲ್ಲರಿಗೂ ಸೇರಿದ ಹಕ್ಕು ಎಂಬುದು ನಮ್ಮ ದೇಶದಲ್ಲಿ ಇದೆಯೇ? ಒಮ್ಮೆ ಬರುವುದಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು (ಮಂಗಳೂರಿನಲ್ಲಿ ಹುಟ್ಟಿದವರು, ನಮ್ಮವರೇ ಅನ್ನಿ) ಅದನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ. ಪರಕೀಯ ಸರಕಾರ ನಮ್ಮನ್ನು ನಂಬದೆ ಆಯುಧ ಕಸಿದ ಕಾಲದ ಮಾತು ಅದು, ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡರೆ ರಾಜ್ಯ ನಡೆಸುವುದು ಹೇಗೆ ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿತ್ತು.

ಅಂದ ಹಾಗೆ, ಬಂದೂಕಿನ ಪರ ವಾದಿಸುವವರೆಲ್ಲ ಗಾಂಧೀಜಿಯವರ ಒಂದು ಮಾತನ್ನು ಮೊದಲ ಪುಟದಲ್ಲೇ ಅಚ್ಚು ಹಾಕುತ್ತಾರೆ. ನಮ್ಮ ಪಾಲಕರ ಅರ್ಜಿಯಲ್ಲೂ ಇತ್ತು. ಬ್ರಿಟಿಷರು ಮಾಡಿದ ಕೆಟ್ಟ ಕೆಲಸಗಳಲ್ಲಿ ಆಯುಧ ಕಾಯಿದೆ ಅತ್ಯಂತ ಕೆಟ್ಟದ್ದು ಎಂಬ ಅರ್ಥದ ಮಾತು. ಅವರು ಬರೆದದ್ದು ಹೌದು. ಆದರೆ ಅದು 1918ರಲ್ಲಿ ಗುಜರಾತಿನ ಖೇಡಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಹಂಚಿದ ಕರಪತ್ರದ ಮಾತು. ಯುದ್ಧದಲ್ಲಿ ಸರಕಾರಕ್ಕೆ ನೆರವಾದರೆ ಆ ಕಾಯಿದೆ ಹೋದೀತು ಎಂಬ ಲೆಕ್ಕದಲ್ಲಿ ಹೇಳಿದ್ದು. ಹಿಂದುಮುಂದು ಕತ್ತರಿಸಿ ನಡುವಿನದಷ್ಟನ್ನೇ ತೋರಿಸುವವರನ್ನು ನಾವು ಒಂಬತ್ತನೆಯ ಇಯತ್ತೆಯ ಉತ್ತರಪತ್ರಿಕೆಯಲ್ಲಿಯೂ ಹಿಡಿಯುತ್ತೇವೆ. ಸಂಘದ ಪ್ರಾಮಾಣಿಕತೆಯನ್ನು ಅಳೆಯಲು ಇದೂ ಒಂದು ಸಣ್ಣ ಅಳತೆಗೋಲು.

ಸಂವಿಧಾನದಲ್ಲಿ ಇಲ್ಲದಿದ್ದರೂ ನಮ್ಮ ಪಾಲಕರಂಥವರಿಗೆ ಕಾಯಿದೆಯಲ್ಲೇ ಒಂದು ಆಸರೆ ಇದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಊರಲ್ಲಿ ಬೇಕಾದವರಿಗೆ ಹೇಳಿ. 1959ರ ಕಾಯಿದೆಯ 13ನೆಯ ಕಲಮಿನ ಮೂರನೆಯ ಉಪಕಲಮು, ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕಾದ ಮದ್ದು ತುಂಬುವ ತೋಡೆದಾರ ಬಂದೂಕಿಗೆ ಪರವಾನಗಿ 'ಕೊಡಬೇಕು' ಎನ್ನುತ್ತದೆ, 'ಕೊಡಬಹುದು' ಎಂದಲ್ಲ. ಅದು ಸಾಲದು ಎನಿಸಿದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಕೊಡಬಹುದು. 14ನೆಯ ಕಲಮಿನ ಕಾರಣಗಳಿದ್ದರೆ ನಿರಾಕರಿಸಬಹುದು, ಆದರೆ ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕಾರಣವನ್ನು ಬರೆದಿಡಬೇಕು, ಕೇಳಿದರೆ ಸಾಮಾನ್ಯವಾಗಿ ಕೊಡಬೇಕು. 18ನೆಯ ಕಲಮಿನಲ್ಲಿ ಮೇಲ್ಮನವಿ ಇದೆ. ಬಡವನ ಮಟ್ಟಿಗೆ ಈ ದೇಶದಲ್ಲಿ ಬಂದೂಕಿನ ಹಕ್ಕು ಎಂಬುದು ಇದ್ದರೆ ಈ ನಾಲ್ಕು ಸಾಲಿನಲ್ಲಿದೆ. (ಬಂದೂಕು ಬಂದ ಮಾತ್ರಕ್ಕೆ ಹೊಡೆಯಬಹುದೆಂದು ತಿಳಿಯಬೇಡಿ. ಆಜರಾ, ಚಂದಗಡ ಕಡೆಯ ಆನೆ, ರಾಧಾನಗರಿಯ ಗವೆ ಇವೆಲ್ಲ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯವು. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ರೈತನಿಗೆ ಬಹುಪಾಲು ಬೇಕಾದದ್ದು ಆ ಸಪ್ಪಳ.)

ಆ ಅರ್ಜಿಯ ನಾಲ್ಕು ಪುಟದಲ್ಲಿ 13ನೆಯ ಕಲಮಿನ ಹೆಸರೇ ಇರಲಿಲ್ಲ! ಇದ್ದದ್ದು ಏನು? ಮೂರನೆಯ ಬಂದೂಕು ಹೋಯಿತೆಂಬ ದುಃಖ, ವಿದೇಶಿ ಬಂದೂಕು ಸಿಗುವುದಿಲ್ಲವೆಂಬ ದುಃಖ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕೆಂಬ ದುಃಖ. ಕೊನೆಯದನ್ನು ನಾವು ಒಪ್ಪುತ್ತೇವೆ. ಮಲೆನಾಡಿನ ತೋಟದವರೂ ಪ್ರತಿ ಚುನಾವಣೆಗೆ ಇದೇ ತಕರಾರು ಎತ್ತುತ್ತಾರೆ. ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ. ಉಳಿದೆರಡು ಇದ್ದವರ ಮಾತು. 1983ರಿಂದ ಒಬ್ಬರಿಗೆ ಮೂರು ಬಂದೂಕಿನ ಮಿತಿ ಇತ್ತು. 2019ರ ತಿದ್ದುಪಡಿ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟು, ವಿರೋಧ ಬಂದ ಮೇಲೆ ಎರಡಕ್ಕೆ ನಿಂತಿತು. 'ನ್ಯಾಷನಲ್ ಅಸೋಸಿಯೇಷನ್ ಫಾರ್ ಗನ್ ರೈಟ್ಸ್ ಇಂಡಿಯಾ' ಎಂಬ ಸಂಘ ಆಗ ಜೋರಾಗಿ ವಾದಿಸಿತು. ಕಾನೂನು ಪಾಲಿಸುವ ಸಾಮಾನ್ಯನ ಆತ್ಮರಕ್ಷಣೆ ಅದರ ಘೋಷಿತ ಉದ್ದೇಶ, ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೆ ಆ ಇಡೀ ಗದ್ದಲದಲ್ಲಿ ದೇಶ ಚರ್ಚಿಸಿದ್ದು ಎರಡನೆಯ, ಮೂರನೆಯ ಬಂದೂಕನ್ನು. ಮೊದಲನೆಯದಕ್ಕೇ ಕಾದು ಕೂತವನ ಸುದ್ದಿ ಯಾರು ತೆಗೆದರು?

ಬೆಲೆಯ ಮಾತೂ ಹೀಗೆಯೇ. 1980ರ ದಶಕದ ನಡುವಿನಿಂದ ಸಾಮಾನ್ಯರು ವಿದೇಶಿ ಬಂದೂಕು ತರಿಸುವುದಕ್ಕೆ ತಡೆ ಇದೆ. ಆದ್ದರಿಂದ ಹಳೆಯ ವಿದೇಶಿ ಬಂದೂಕು ಇದ್ದವರ ಕೈಯಲ್ಲಿ ಅದು ಬಂಗಾರ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ರಿವಾಲ್ವರ್ ತಂದಾಗ ಅದರ ಬೆಲೆ 1 ಲಕ್ಷ 22 ಸಾವಿರ ರೂಪಾಯಿ ದಾಟಿತ್ತು. ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಇಚಲಕರಂಜಿಯ ಮಗ್ಗದ ಕೂಲಿ ಹೆಣ್ಣುಮಗಳಿಗೆ ಇದು ಯಾವ ಲೆಕ್ಕದ ಧೈರ್ಯ? ಬೆಲೆ ಇಳಿದರೆ ಹಳೆಯ ಮಾಲೀಕರ ಬಂಗಾರ ತಗಡಾಗುತ್ತದೆ. ಆದರೂ ಇಳಿಯಲಿ ಎಂದು ಗಟ್ಟಿಯಾಗಿ ಕೇಳುವ ಮಾಲೀಕರ ಸಂಘವಿದ್ದರೆ ಅದಕ್ಕೆ ನಮ್ಮ ನಮಸ್ಕಾರ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಬಂದೂಕಿನ ಹಕ್ಕು ಸಂವಿಧಾನದಲ್ಲೇ ಇರುವ ಅಮೆರಿಕವನ್ನು ನೋಡಿ. ಅಲ್ಲಿ 1871ರ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಲ್ಲಕ್ಕಿಂತ ದೊಡ್ಡ ಸಂಘ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಲಾಕ್ ಪ್ಯಾಂಥರ್ ಪಕ್ಷದ ಕಪ್ಪು ತರುಣರು ಕಾನೂನುಬದ್ಧವಾಗಿಯೇ ಬಂದೂಕು ಹಿಡಿದು ಬೀದಿಗಿಳಿದಾಗ, ಅದನ್ನು ತಡೆಯುವ ಮಲ್ಫರ್ಡ್ ಕಾಯಿದೆಗೆ ಈ ಸಂಘವೇ ಬೆಂಬಲ ಕೊಟ್ಟಿತು. 2016ರಲ್ಲಿ ಮಿನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೈಲ್ ಎಂಬ ಕಪ್ಪು ಮನುಷ್ಯ, ತನ್ನ ಬಳಿ ಬಂದೂಕಿದೆ ಎಂದು ಪೊಲೀಸನಿಗೆ ತಾನಾಗಿಯೇ ತಿಳಿಸಿದ ಮೇಲೆ ಗುಂಡಿಗೆ ಬಲಿಯಾದ. ಅವನ ಬಳಿ ಪರವಾನಗಿ ಇತ್ತು. ಅವನು ಕೆಲಸ ಮಾಡುತ್ತಿದ್ದದ್ದು ಒಂದು ಶಾಲೆಯ ಊಟದ ಮನೆಯಲ್ಲಿ. ಓದುವಾಗ ಇದು ನಮಗೆ ಸ್ವಲ್ಪ ಹೆಚ್ಚೇ ನೋವು ಕೊಟ್ಟಿತು. ಸಂಘ ಮೊದಲು ಮೌನವಾಗಿತ್ತು, ಆಮೇಲೆ ಅವನ ಹೆಸರನ್ನೂ ಎತ್ತದ ಒಂದು ಹೇಳಿಕೆ ಕೊಟ್ಟಿತು. ಅದರ ಸದಸ್ಯರೇ ಸಿಟ್ಟಾದರು. ಇನ್ನು ಅದೇ ಸಂಘದ ಹಣವನ್ನು ಮೂರು ದಶಕದ ಮುಖ್ಯಸ್ಥ ವೇಯ್ನ್ ಲಾಪಿಯರ್ ದುರುಪಯೋಗ ಮಾಡಿದ್ದಾರೆಂದು ನ್ಯೂಯಾರ್ಕಿನ ಜ್ಯೂರಿ 2024ರಲ್ಲಿ ತೀರ್ಮಾನಿಸಿತು. ಚಂದಾ ಕೊಟ್ಟ ರೈತ ಬೇಟೆಗಾರರ ಹಣ ಅದು!

ತನಗೆ ಇಷ್ಟವಿಲ್ಲದವನು ಅದೇ ಹಕ್ಕು ಕೇಳಿದಾಗ ಸಂಘ ಎಲ್ಲಿ ನಿಲ್ಲುತ್ತದೆ? ನಾವು ನೋಡಿದ್ದು ಇದನ್ನೇ.

ಕೊಲ್ಲಾಪುರದವರಿಗೆ ಬಂದೂಕು ಎಂದರೆ ಹೆಮ್ಮೆಯೂ ಹೌದು. ತೇಜಸ್ವಿನಿ ಸಾವಂತ 2010ರಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡೆಯಲ್ಲಿ ಚಿನ್ನ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ದಿನ ನಮ್ಮ ಮಕ್ಕಳು ತರಗತಿಯಲ್ಲಿ ಕೂರಲೇ ಇಲ್ಲ. ಕ್ರೀಡಾಪಟುಗಳಿಗೆ ಹೆಚ್ಚು ಬಂದೂಕಿನ ವಿನಾಯಿತಿ ಇದೆ, ಇರಲಿ. ಆ ಹುಡುಗನ ಫೋಟೋವನ್ನು ತನ್ನ ಕರಪತ್ರದಲ್ಲಿ ಹಾಕಿಕೊಂಡ ಸಂಘ, ಹಳ್ಳಿಯ ಶಾಲೆಯ ಒಂದು ಮಗುವಿಗಾದರೂ ರೈಫಲ್ ಹಿಡಿಯುವ ಅವಕಾಶ ಮಾಡಿಕೊಟ್ಟಿದೆಯೇ ಎಂದು ಕೇಳುವುದು ತಪ್ಪಾಗಲಾರದು.

ನಾವು ಏನು ಮಾಡಿದೆವು ಹೇಳುತ್ತೇವೆ. ಅರ್ಜಿಯ ಹಿಂಬದಿಯ ಖಾಲಿ ಪುಟದಲ್ಲಿ ಪಾಲಕರ ಹೆಸರಿನಲ್ಲಿ ಮೂರು ಪ್ರಶ್ನೆ ಬರೆದೆವು. ಪರವಾನಗಿ ಇಲ್ಲದವನಿಗೆ ನಿಮ್ಮ ಸಭೆಯಲ್ಲಿ ಮತ ಯಾಕಿಲ್ಲ? 13ನೆಯ ಕಲಮಿನ ಅಡಿ ಎಷ್ಟು ರೈತರ ಮೇಲ್ಮನವಿ ನಡೆಸಿದ್ದೀರಿ? ಕಳೆದ ವರ್ಷದ ಜಮಾಖರ್ಚು ಕಳಿಸುವಿರಾ? ಇಂಗ್ಲಿಷಿನಲ್ಲೊಂದು, ಮರಾಠಿಯಲ್ಲೊಂದು ಪ್ರತಿ ಮಾಡಿ ಅಂಚೆಗೆ ಹಾಕಿಸಿದೆವು. ಜೊತೆಗೆ ಅವರ ಪರವಾನಗಿ ಅರ್ಜಿಯ ಸ್ಥಿತಿಯನ್ನು ಲಿಖಿತವಾಗಿ ತಿಳಿಸಿ ಎಂದು ಕಚೇರಿಗೆ ಒಂದು ಪತ್ರ. 501 ರೂಪಾಯಿ ಸದ್ಯ ಅವರ ಜೇಬಿನಲ್ಲೇ ಇದೆ. ಉತ್ತರ ಬಂದರೆ ಇಲ್ಲಿಯೇ ಬರೆಯುತ್ತೇವೆ.